ಒಂದೇ ಸಲ ಕರೆದದ್ದು

ಪ್ರೀತಿಯ ತಂಗಿ ಸೇವಂತಿಗೆ,

ಮುಂಬಯಿಯ ಕಾಂದಿವಲಿಯಿಂದ ನಿನ್ನ ಅಕ್ಕ ಗುಲಾಬಿ. ಐವತ್ತು ವರ್ಷದ ಹಿಂದೆ ಸತ್ತವಳಿಗೆ ಕ್ಷೇಮವೇ ಎಂದು ಕೇಳಲು ನನಗೇನೂ ಅರಳುಮರಳು ಹಿಡಿದಿಲ್ಲ. ತುಳುವಿನಲ್ಲಿ ಜಗಳವಾಡಿದವರು ನಾವು. ಬರೆಯಲು ಮಾತ್ರ ನನಗೆ ಗೊತ್ತಿರುವುದು ನಾಲ್ಕನೇ ಕ್ಲಾಸಿನ ಕನ್ನಡ. ತಪ್ಪಿದ್ದರೆ ನಗಬೇಡ. ನೀನು ಎರಡನೇ ಕ್ಲಾಸಿಗೇ ಚೀಲ ಬಿಸಾಡಿದವಳು.

ಹೋದ ತಿಂಗಳು ಆ ಊರಿನಲ್ಲಿ ಇಳಿದೆ. ಹೌದು, ಅದೇ ಊರು. ಉಡುಪಿಗೆ ಎಷ್ಟು ಸಲ ಹೋಗಿ ಬಂದೆನೋ, ಆ ಘಾಟಿ ಇಳಿಯುವಾಗಲೆಲ್ಲ ಸೆರಗನ್ನು ಮುಖಕ್ಕೆ ಎಳೆದು ನಿದ್ದೆಯ ನಾಟಕ ಆಡಿದ್ದೇನೆ. ಈ ಸಲ ಕಾರು ಓಡಿಸಿದವಳು ವಿಜೇತಾ, ನನ್ನ ಮಗ ಸಂದೀಪನ ಮಗಳು. ವಿಮಾನದಲ್ಲಿ ಒಂದೂವರೆ ಗಂಟೆಗೆ ಮುಗಿಯುವ ದಾರಿಗೆ ಅವಳಿಗೆ ಮೂರು ದಿನ ಬೇಕಂತೆ. "ಅಜ್ಜಿ, ಜಲ್ದಿ ಯಾಕೆ? ಆರಾಮಾಗಿ ಹೋಗೋಣ," ಎಂದು ಮಧ್ಯಾಹ್ನದ ಊಟಕ್ಕೆ ಗಾಡಿ ನಿಲ್ಲಿಸಿದಳು. ಸೆರಗು ಸರಿಸಿ ನೋಡಿದರೆ ಅದೇ ಹೋಟೆಲು. ಇಲ್ಲಿ ಬೇಡ ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಿದ್ದಳಲ್ಲ, ಅದಕ್ಕೆ ಬಾಯಿ ಮುಚ್ಚಿ ಇಳಿದೆ.

ಊಟವಾದರೂ ಹೊರಡುವ ಮಾತಿಲ್ಲ. ಪೇಟೆ ಸುತ್ತಿದಳು, ಹಸುವೂ ಇಲ್ಲದ ನಮ್ಮ ಫ್ಲ್ಯಾಟಿಗೆ ಹಸುವಿನ ಕೊರಳಗಂಟೆ ಕೊಂಡಳು, ದರ್ಜಿಯ ಹತ್ತಿರ ಕೂತು ಚೀಲದ ಹರಿದ ಪಟ್ಟಿ ಹೊಲಿಸಿಕೊಂಡಳು. ನಾನು ಹೋಟೆಲಿನ ಹಿತ್ತಲಿನ ಬೆಂಚಿನಲ್ಲಿ ಬಾವಿಗೆ ಬೆನ್ನು ಹಾಕಿ ಕೂತೆ. ಅದಕ್ಕೀಗ ಕಬ್ಬಿಣದ ಜಾಲರಿ ಹಾಕಿದ್ದಾರೆ. ಜಾಲರಿಯ ಮೇಲೆ ಪುನರ್ಪುಳಿ ಹಣ್ಣಿನ ಸಿಪ್ಪೆ ಒಣಗುತ್ತಿತ್ತು, ಕೆಂಪಗೆ.

ಆವತ್ತು ನಮ್ಮ ಬಸ್ಸೂ ಅಲ್ಲೇ ನಿಂತಿತ್ತು. ನಾನು ಚೊಚ್ಚಲ ಬಸುರಿ, ಕುರ್ಲಾದ ಹೋಟೆಲಿನಲ್ಲಿ ಅಡುಗೆಗಿದ್ದ ಗಂಡನ ಬಳಿ ಹೊರಟವಳು. ನೀನು ಹದಿನಾರರವಳು, ನನ್ನ ಆರೈಕೆಗೆಂದು ಜತೆಗೆ ಬಂದವಳು. ಒಳ್ಳೆಯ ಆರೈಕೆ! ಊರು ಬಿಟ್ಟಾಗಿನಿಂದ ಕಿಟಕಿಯ ಸೀಟು ಬಿಟ್ಟುಕೊಟ್ಟವಳಲ್ಲ. "ಬಸುರಿಗೆ ಗಾಳಿ ಬಡೀಬಾರ್ದು," ಎಂದು ನನಗೇ ಉಪದೇಶ ಬೇರೆ. ದೀಪ ಹಚ್ಚುವ ಹೊತ್ತು. ಮುಖ ತೊಳೆದು ಬರುತ್ತೇನೆಂದು ನೀನು ಹೋಟೆಲಿನ ಹಿಂದೆ ಹೋದೆ. ನೀನು ಇಳಿದದ್ದೇ ನಾನು ಕಿಟಕಿಗೆ ಸರಿದೆ. ಆಗ ಕೇಳಿಸಿತು.

"ಅಕ್ಕಾ."

ಒಂದೇ ಸಲ.

ಅಮ್ಮ ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ್ದು ನೆನಪಿದೆಯಲ್ಲ? ಮೂರ್ಸಂಜೆಯಲ್ಲಿ ಹೊರಗಿನಿಂದ ಯಾರೇ ಕರೆಯಲಿ, ಮೂರನೇ ಸಲಕ್ಕೇ ಓಗೊಡಬೇಕು. ಸತ್ತವರ ಕುಲೆಗಳು ಒಂದೇ ಸಲ ಕರೆಯುತ್ತವೆ, ಓ ಎಂದವರನ್ನು ಕೊಂಡುಹೋಗುತ್ತವೆ. ಬಸುರಿಯಂತೂ ಬಾಯಿ ಬಿಡಲೇಬಾರದು. ನಾನು ಎರಡನೆಯ ಕರೆಗೆ ಕಾದೆ. ಅದು ಬರಲಿಲ್ಲ. ಡ್ರೈವರು ಹಾರ್ನು ಹೊಡೆದ, ಮತ್ತೆ ಹೊಡೆದ, ಆಮೇಲೆ ಜನ ಹುಡುಕಿಕೊಂಡು ಹೋದರು. ಪಾಚಿ ಹಿಡಿದ ಬಾವಿಕಟ್ಟೆಯ ಮೇಲೆ ಕಾಲು ಜಾರಿದ ಉದ್ದ ಗೆರೆ ಇತ್ತು.

ಜತೆಗಿದ್ದ ಸೋದರಮಾವ ನನ್ನ ಭುಜ ಹಿಡಿದು ಅಲುಗಿಸಿದರು. "ಅವಳು ಕರ್ದದ್ದೇನಾದ್ರೂ ನಿಂಗೆ ಕೇಳ್ಲಿಲ್ವಾ ಮಾರಾಯ್ತಿ?"

"ಇಲ್ಲ ಮಾವ. ಎಂತದೂ ಕೇಳ್ಲಿಲ್ಲ."

ಅಮ್ಮನಿಗೂ ಅದನ್ನೇ ಹೇಳಿದೆ. ಗಂಡನಿಗೂ ಅದನ್ನೇ. ಎಲ್ಲರೂ ನಂಬಿಕೊಂಡೇ ಸತ್ತರು.

ನಿನಗಾದರೂ ನಿಜ ಹೇಳುತ್ತೇನೆ. ಅದು ಕುಲೆಯಲ್ಲವೆಂದು ನನಗೆ ಗೊತ್ತಿತ್ತು. ನಿನ್ನ ಸ್ವರ ನನಗೆ ಗೊತ್ತಾಗದೆ? ಅಮ್ಮನ ಮಾತು ನೆನಪಾದದ್ದು ಹೌದು. ಆದರೆ ಕಿಟಕಿಯ ಗಾಳಿ ತಣ್ಣಗಿತ್ತು, ಸೇವಂತಿ. ಎದ್ದು ಹೋದರೆ ನೀನು ಓಡಿಬಂದು ಕೂತುಬಿಡುತ್ತಿದ್ದೆ.

ಈಗ ನನ್ನ ಕಿವಿ ಹೋಗಿದೆ. ಕುಕ್ಕರಿನ ಸೀಟಿಯೂ ಕೇಳುವುದಿಲ್ಲ. ಕಿವಿಗೆ ಹಾಕುವ ಮಷೀನು ಹೋದ ತಿಂಗಳು ಆ ಹಿತ್ತಲಿನಲ್ಲಿ ಕೂತಾಗಲೂ ಡಬ್ಬಿಯಲ್ಲೇ ಇತ್ತು. ಹೊತ್ತು ಮುಳುಗುವಾಗ ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ ವಿಜೇತಾ ತಟ್ಟನೆ ತಲೆ ಎತ್ತಿದಳು. ನನ್ನ ಕಿವಿಗೆ ಬಾಯಿ ತಂದಳು.

"ಅಜ್ಜಿ, ಯಾರೋ ಕರೀತಾರೆ. ಬಾವಿ ಸೈಡಿಂದ. 'ಅಕ್ಕಾ' ಅಂತ."

"ಎಷ್ಟು ಸಲ ಕರೆದರು?"

"ಒಂದೇ ಸಲ. ಕ್ಯೂಂ?"

ಆ ಊರಿನ ಮರಾಠಿ ಜನ ಮಧ್ಯಾಹ್ನದಿಂದ ನನ್ನನ್ನು ಆಜಿ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಅಕ್ಕಾ ಎನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ. ವಿಜೇತಾಳಿಗೆ ನೀನೊಬ್ಬಳಿದ್ದೆ ಎಂಬುದೇ ಗೊತ್ತಿರಲಿಲ್ಲ. ನನಗೋ, ದೇವರಾಣೆ, ಏನೂ ಕೇಳಿಸಿರಲಿಲ್ಲ. ಅಂದು ಕೇಳಿಸಿಯೂ ಇಲ್ಲವೆಂದವಳು, ಈಗ ಕೇಳಿಸದೆಯೇ ಎದ್ದು, ಬಾವಿಯ ಕಡೆ ತಿರುಗಿ, ಗಂಟಲು ಹರಿಯುವ ಹಾಗೆ "ಓ" ಎಂದೆ. ಇಡೀ ಹೋಟೆಲು ನೋಡಿತು. ಮುದುಕಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು. ಅಂದುಕೊಳ್ಳಲಿ, ಅವರ ಮನೆಗೇನು ನಾನು ಹೆಣ್ಣು ಕೇಳಲು ಹೋಗಿದ್ದೆನೇ?

ಕಾರಿನಲ್ಲಿ ಹುಡುಗಿಗೆ ಎಲ್ಲ ಹೇಳಿದೆ. ಕನ್ನಡ ಅರ್ಧ ಬರುವವಳಿಗೆ ಅದು ಪೂರ್ತಿ ಅರ್ಥವಾಯಿತು. ಆಮೇಲೆ ಗಾಡಿ ನಿಲ್ಲಿಸಲು ಹೇಳಿ ನಾನು ಹಿಂದಿನ ಸೀಟಿಗೆ ಹೋದೆ, ನಡುವಿನಲ್ಲಿ ಕೂತೆ. ವಿಜೇತಾ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ನನ್ನ ಪಕ್ಕದ ಖಾಲಿ ಜಾಗದ ಕಿಟಕಿಯ ಗಾಜು ಇಳಿಸಿದಳು.

ಈಗ ದಿನವೂ ದೀಪ ಹಚ್ಚುವ ಹೊತ್ತಿಗೆ ಮಷೀನು ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುತ್ತೇನೆ. ರಿಕ್ಷಾದ ಹಾರ್ನು, ಲೋಕಲ್ ರೈಲಿನ ಸದ್ದು, ಪಕ್ಕದ ಮನೆಯ ಟೀವಿ, ಎಲ್ಲ ಸಹಿಸುತ್ತೇನೆ. ಹುಡುಗಿಯ ಕಿವಿಯ ತಂಟೆಗೆ ಮಾತ್ರ ಇನ್ನು ಬರಬೇಡ, ಅವಳು ಬದುಕಿ ಬಾಳಬೇಕಾದವಳು. ನನ್ನನ್ನೇ ಕರೆ. ಮೂರು ಸಲ ಕೂಗಿ ಗಂಟಲು ನೋಯಿಸಿಕೊಳ್ಳಬೇಡ, ಒಂದೇ ಸಲ ಸಾಕು.

ಎಲ್ಲಿದ್ದರೂ ಬೆಚ್ಚಗಿರು, ಮಗಾ.

ಓಗೊಡಲು ತಡಮಾಡಿದ ನಿನ್ನ ಅಕ್ಕ,
ಗುಲಾಬಿ