ಗುಡಾರವಾದ ಚಂದ್ರಿಕೆಗಳು

ರೀ,

ಸ್ನೇಹಿತರ ಜೊತೆ ಕೆರೆ ದಂಡೆಯಲ್ಲಿ ಋಷಿಗಳ ಹಾಗೆ ಇದ್ದು ಬರ್ತೀನಿ ಅಂತ ಹೋದವರು ನಿನ್ನೆ ಉಪ್ಪಿನಕಾಯಿಗೆ ಬಂದ್ರಿ, ಬೆಳಿಗ್ಗೆ ಕಾಫಿಪುಡಿಗೆ ಬಂದ್ರಿ. ಮಧ್ಯಾಹ್ನ ಮೊಸರಿಗೆ ಬಂದೇ ಬರ್ತೀರಿ ಅಂತ ಈ ಚೀಟೀನ ಮೊಸರಿನ ಗಡಿಗೆ ಮೇಲೇ ಇಟ್ಟಿದೀನಿ.

ರೇಷ್ಮೆಹುಳ ಹಣ್ಣಾಗಿವೆ. ಈ ಸೆಕೆಗೆ ಒಂದು ದಿನ ಮುಂಚೆಯೇ ತಲೆ ಎತ್ತಿ ಗೂಡು ಕಟ್ಟೋಕೆ ಜಾಗ ಹುಡುಕ್ತಿವೆ. ಹುಳ ಬಿಡೋಣ ಅಂತ ಹಿತ್ತಲಿಗೆ ಹೋಗಿ ನೋಡಿದ್ರೆ ಅವು ಗೂಡು ಕಟ್ಟೋ ಬಿದಿರಿನ ತಟ್ಟಿ, ಒಂದು ಚಂದ್ರಿಕೆಯೂ ಇಲ್ಲ! "ಮೇಷ್ಟ್ರು ಅವನ್ನೇ ನಿಲ್ಸಿ ಗುಡಾರ ಮಾಡ್ಕಂಡವ್ರಮ್ಮ, ಒಳಗೆ ಕೂತು ಇಸ್ಪೀಟು ಆಡ್ತಾವ್ರೆ" ಅಂದ ಗಾಡಿ ಮುನಿವೆಂಕಟಪ್ಪ. ಎಂಥ ಬುದ್ಧಿ! ಇಷ್ಟು ದಿನ ಸೊಪ್ಪು ಹಾಕಿ ಸಾಕಿದ ಹುಳ ಇನ್ನೆಲ್ಲಿ ಗೂಡು ಕಟ್ಟಬೇಕು, ನಿಮ್ಮ ಮೀಸೆ ಮೇಲಾ?

ನೀವು ಏರಿ ಮೇಲೆ ಬರೋಷ್ಟರಲ್ಲಿ ನಾನು ಅವನ ಗಾಡಿಯಲ್ಲಿ ಆ ಕಡೆ ದಾರಿಯಿಂದ ಕೆರೆಗೆ ಹೋಗಿರ್ತೀನಿ. ನಾನು ಬರೋವರೆಗೆ ಹುಳ ಕಾಯೋದು ನಿಮ್ಮ ಪಾಲು. ತಟ್ಟೆಗೆ ಇರುವೆ ಹತ್ತದ ಹಾಗೆ ನೋಡ್ಕೊಳ್ಳಿ. ಸಿಗರೇಟು ಬಿಟ್ಟೆ ಅಂತ ನನಗೆ ಹೇಳಿದೀರಲ್ಲ, ಇವತ್ತೊಂದು ದಿನ ಅದು ನಿಜ ಆಗಲಿ. ಹೊಗೆ ತಗುಲಿದ್ರೆ ಹುಳ ಸಾಯ್ತವೆ.

ಅನ್ನ ಒಲೆ ಪಕ್ಕ ಇದೆ, ಹೊಟ್ಟೆ ತುಂಬ ಊಟ ಮಾಡಿ. ಬಾಗಿಲ ಹತ್ತಿರ ಕಂಬಳಿ ಇಟ್ಟಿದೀನಿ, ಮರೀದೆ ತಗೊಂಡು ಹೋಗಿ. ಬೆಳಗಿನ ಜಾವ ಕೆರೆ ಗಾಳಿ ನಿಮಗೆ ಆಗಲ್ಲ, ಮೇಲಾಗಿ ನೀವು ವಾಪಸು ಹೋಗೋಷ್ಟರಲ್ಲಿ ಅಲ್ಲಿ ಗುಡಾರ ಇರಲ್ಲ.

ನಕ್ಷತ್ರ ನೋಡಬೇಕು ಅಂತ ತಾನೇ ಹೋಗಿದ್ದು? ಇನ್ನು ಅಡ್ಡ ಏನೂ ಇಲ್ಲ, ಮಲಗಿಕೊಂಡೇ ಕಣ್ತುಂಬ ನೋಡಿ.