ಕೆಂಚಪ್ಪನ ಹೆಸರನ್ನು ಕೃತಜ್ಞತೆಗೆ ಇಳಿಸಿದ ಸಂಪಾದಕರಿಗೆ

ಭೂಗೋಳ ಮತ್ತು ಸುಸ್ಥಿರ ಅಭಿವೃದ್ಧಿಯ ಸಂಶೋಧನಾ ಪತ್ರಿಕೆಯ ಪ್ರಧಾನ ಸಂಪಾದಕರೇ,

ಮಾನ್ಯರೇ, ಯಗಟಿಯ ಕುರಿ ಯಜಮಾನ ಕೆಂಚಪ್ಪನ ಹೆಸರನ್ನು ನಮ್ಮ ಲೇಖನದ ಲೇಖಕರ ಸಾಲಿನಿಂದ ಕಿತ್ತು, ಕೊನೆಯ ಪುಟದಲ್ಲಿ 'ಕೃತಜ್ಞತೆಗಳು' ಎಂಬ ತಲೆಬರಹದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಕೂರಿಸಿದರೆ ಮಾತ್ರ ಲೇಖನ ಅಚ್ಚಾಗುತ್ತದೆ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಹದಿನೈದು ದಿನದ ಗಡುವು. ಅದರಲ್ಲಿ ಹನ್ನೊಂದು ಕಳೆದಿವೆ. ಉತ್ತರವನ್ನು ತಮ್ಮ ಜಾಲತಾಣದಲ್ಲೇ ಬರೆಯಲು ಹೋದೆ. ಇನ್ನೂರೈವತ್ತು ಅಕ್ಷರ ಆದ ಕೂಡಲೇ ಅಲ್ಲಿನ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತು. ನನಗೆ ಗಂಟಲು ಸರಿಮಾಡಿಕೊಳ್ಳುವುದಕ್ಕೇ ಅಷ್ಟು ಬೇಕು. ಆದ್ದರಿಂದ ನಮ್ಮ ಮೂರು ತಾಲ್ಲೂಕಿನ ಜನ ಓದುವ ಈ ಪತ್ರಿಕೆಯಲ್ಲಿ, ಪರದೆ ಪೂರ್ತಿ ಸರಿಸಿ, ಬಹಿರಂಗವಾಗಿಯೇ ಮಾತಾಡುತ್ತಿದ್ದೇನೆ.

ನಾನು ಶಿವನಿಯವನು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಅದಕ್ಕೂ ಮೊದಲಿನಿಂದ ನಾಟಕದಲ್ಲಿ ರಾಜಪಾರ್ಟು ಮಾಡಿದವನು. ನಮ್ಮ ತಂದೆ ಕಟ್ಟಿದ ನಾಟಕ ಮಂಡಳಿ ರಂಗಸಜ್ಜಿಕೆ ಹಾಕುತ್ತಿದ್ದದ್ದು ರೈಲ್ವೆ ಸ್ಟೇಷನ್ನಿನ ಪಕ್ಕದ ಬಯಲಿನಲ್ಲಿ. ಗಾಡಿ ಬಂದು ಕೂಗಿದಾಗ ಮಾತು ನಿಲ್ಲಿಸಿದವನಿಗೆ ಮಾರನೆಯ ವರ್ಷ ಪಾರ್ಟು ಇಲ್ಲ. ಗಾಡಿಗಿಂತ ಜೋರಾಗಿ ಹೇಳಿದವನಿಗೆ ಕಿರೀಟ. ಈ ಪತ್ರದ ದನಿ ಸ್ವಲ್ಪ ಏರಿದ್ದರೆ ಅದಕ್ಕೆ ಕಾರಣ ರೈಲ್ವೆ ಇಲಾಖೆಯೇ ಹೊರತು ತಮ್ಮ ಮೇಲಿನ ಅಗೌರವವಲ್ಲ. ಅಗೌರವ ಮುಂದೆ ಬರುತ್ತದೆ.

ಲೇಖನದ ವಿಷಯವನ್ನು ಓದುಗರಿಗೂ ಹೇಳಿಬಿಡುತ್ತೇನೆ. ನಮ್ಮ ಕಡೆ ತೆಂಗಿನ ತೋಟಕ್ಕೆ, ಹೊಲಕ್ಕೆ, ಕೊಯ್ಲಾದ ಗದ್ದೆಗೆ ಕುರಿ ಮಂದೆ ಹಾಕಿಸುತ್ತಾರೆ. ಹಿಂಡನ್ನು ರಾತ್ರಿ ಹೊಲದಲ್ಲೇ ತಂಗಿಸಿದರೆ ಹಿಕ್ಕೆ, ಗಂಜಲ ಎರಡೂ ಭೂಮಿಗೆ ಸೇರುತ್ತವೆ. ಸಂಕ್ರಾಂತಿ ಕಳೆದ ಮೇಲೆ ಕೆಂಚಪ್ಪನ ನೂರನಲವತ್ತು ಕುರಿ ಯಗಟಿ ಬಿಟ್ಟು ಚೌಳಹಿರಿಯೂರು, ಶಿವನಿ, ಅಜ್ಜಂಪುರದ ಮೇಲೆ ತರೀಕೆರೆ ಕಡೆಯ ಗದ್ದೆಬಯಲಿಗೆ ಹೋಗಿ, ಮುಂಗಾರಿಗೆ ವಾಪಸು ಬರುತ್ತವೆ. ಯಾವ ತೋಟ ಯಾವಾಗ, ಯಾವ ಮಣ್ಣಿಗೆ ಎಷ್ಟು ದಿನ, ಯಾವ ಕೆರೆಯಂಗಳ ಎಂದು ಒಣಗುತ್ತದೆ, ಇದೆಲ್ಲ ಅವನ ತಲೆಯಲ್ಲಿದೆ. ಮೂರು ವರ್ಷ ನಾನು ಅವನ ಹಿಂದೆ ನಡೆದೆ. ಅವನು ಹೇಳಿದ, ನಾನು ಬರೆದುಕೊಂಡೆ. ಅವನು ಕೋಲಿನಿಂದ ಮಣ್ಣಿನ ಮೇಲೆ ಗೆರೆ ಎಳೆದ, ನಾನು ಅದನ್ನು ನಕ್ಷೆ ಮಾಡಿದೆ. ಸಂಪಾದಕರೇ, ಈ ನಾಟಕದಲ್ಲಿ ಕವಿ ಯಾರು, ನಕಲು ಮಾಡಿಕೊಂಡವನು ಯಾರು ಎಂಬುದನ್ನು ತಮ್ಮ ಪಾಂಡಿತ್ಯಕ್ಕೇ ಬಿಡುತ್ತೇನೆ.

ಮೊದಲ ವರ್ಷ ನಾನು ಪುಸ್ತಕ ತೆಗೆದ ಕೂಡಲೇ ಅವನು ನಕ್ಕಿದ್ದ. "ಮೇಷ್ಟ್ರೇ, ನಿಮ್ಗಿಂತ ಮುಂಚೆ ಒಬ್ರು ಬಂದಿದ್ರು, ದೊಡ್ಡ ಕಾಲೇಜಿಂದ. ಇಪ್ಪತ್ತು ದಿನ ನನ್ ಜೊತೇಲೇ ಮುದ್ದೆ ಉಂಡ್ರು. ಆಮ್ಯಾಕೆ ಒಂದು ಪುಸ್ತಕ ಕಳ್ಸಿದ್ರು. ನಮ್ ಅಣ್ಣನ ಮಗಳು ಪೂರ್ತಿ ಹುಡುಕಿದ್ಳು, ನಾನೆಲ್ಲೂ ಇರ್ಲಿಲ್ಲ."

"ಎಲ್ಲೂ?"

"ಒಂದ್ಕಡೆ 'ಸ್ಥಳೀಯ ಮಾಹಿತಿದಾರ' ಅಂತಿತ್ತಂತೆ. ಅದು ನಾನೇ ಇರ್ಬೇಕು ಬಿಡಿ."

ಆಗ ನಾನು, ಸಹಜವಾಗಿ, ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಈ ಸಲ ನಿನ್ನ ಹೆಸರು ನನ್ನ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಇರುತ್ತದೆ, ಇಲ್ಲದಿದ್ದರೆ ಈ ರುದ್ರಮೂರ್ತಿ ಬಣ್ಣ ಹಚ್ಚುವುದಿಲ್ಲ ಎಂದೆ. ನೂರನಲವತ್ತು ಕುರಿ ಸಾಕ್ಷಿ. ನನ್ನ ದನಿಗೆ ಅವು ಬೆದರಿ ಅರ್ಧ ಫರ್ಲಾಂಗು ಓಡಿದವು, ಅದು ಬೇರೆ ವಿಷಯ.

ಹಳ್ಳಿ ನಾಟಕದ ಹ್ಯಾಂಡ್‌ಬಿಲ್ಲನ್ನು ತಾವು ನೋಡಿದ್ದೀರೋ ಇಲ್ಲವೋ. ಅದರಲ್ಲಿ ಎಲ್ಲರ ಹೆಸರೂ ಇರುತ್ತದೆ. ರಾಜ, ರಾಣಿ, ದೂತ, ಹಾರ್ಮೋನಿಯಂ, ತಬಲ, ಪರದೆ ಎಳೆಯುವವನು, ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆದವನು. ಹೆಸರು ಬಿಟ್ಟುಹೋದವನು ಅಂದು ಬರುವುದಿಲ್ಲ. ಬರದಿದ್ದರೆ ತಪ್ಪು ಅವನದಲ್ಲ, ಹ್ಯಾಂಡ್‌ಬಿಲ್ಲಿನದು. ಈ ಸಂಪ್ರದಾಯದಲ್ಲಿ ಬೆಳೆದ ನಾನು ಮೊದಲ ಸಲ ಲೇಖನ ಕಳಿಸುವಾಗ ಲೇಖಕರ ಜಾಗದಲ್ಲಿ ಹತ್ತೊಂಬತ್ತು ಹೆಸರು ಹಾಕಿದೆ, ಪಾರ್ಟು ಸಮೇತ. ಮಂದೆ ಹಾಕಿಸಿದ ತೋಟದವರು, ಬಾವಿ ನೀರು ಬಿಟ್ಟವರು, ದಾರಿ ಬಿಟ್ಟುಕೊಟ್ಟವರು. ಒಂದು ಗಂಟೆಯಲ್ಲಿ ವಾಪಸು ಬಂತು. ತಪ್ಪು ನನ್ನದೇ, ಒಪ್ಪಿದೆ. ಹದಿನೇಳು ಜನರ ಮನೆಗೆ ಹೋಗಿ ಕೈಮುಗಿದು, ಹೆಸರು ತೆಗೆದಿದ್ದೇನೆ ಎಂದು ಹೇಳಿ ಬಂದೆ. ಒಂದು ಮನೆಯಲ್ಲಿ ಕಾಫಿ ಕೊಡಲಿಲ್ಲ. ಹತ್ತೊಂಬತ್ತನ್ನು ಎರಡಕ್ಕೆ ಇಳಿಸಿದವನ ಹತ್ತಿರ ತಾವೀಗ ಆ ಎರಡರಲ್ಲಿ ಒಂದನ್ನು ಕೇಳುತ್ತಿದ್ದೀರಿ.

ಯಾಕೆ? ಕೆಂಚಪ್ಪನಿಗೆ ಸಂಸ್ಥೆ ಇಲ್ಲವಂತೆ. ತಮ್ಮ ಅರ್ಜಿಯಲ್ಲಿ 'ಸಂಸ್ಥೆ' ಎಂಬ ಖಾನೆ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಅಜ್ಜಂಪುರದ ಜೆರಾಕ್ಸ್ ಅಂಗಡಿಯ ಕಲ್ಲೇಶ ಮೂರು ಸಲ ಒತ್ತಿ ನೋಡಿ ನನ್ನ ಮುಖ ನೋಡಿದ. 'ಕೆಂಚಪ್ಪನ ಕುರಿರೊಪ್ಪ, ಯಗಟಿ' ಎಂದು ಬರೆಸಿದೆ. ಕುರಿ ಕೂಡುವ ಜಾಗಕ್ಕೆ ನಾವು ರೊಪ್ಪ ಅನ್ನುತ್ತೇವೆ. ಅದು ಮಾನ್ಯತೆ ಪಡೆದ ಸಂಸ್ಥೆಯೇ ಎಂದು ತಮ್ಮ ಕಚೇರಿ ಕೇಳಿತು. ಮೂರು ತಲೆಮಾರಿನಿಂದ ಒಂದು ದಿನವೂ ರಜೆ ಇಲ್ಲದೆ ನಡೆಯುತ್ತಿರುವ ಸಂಸ್ಥೆ ಎಂದು ಉತ್ತರ ಕೊಟ್ಟೆ. ಅದಾದ ಮೇಲೆ ಸಂಶೋಧಕರ ಗುರುತಿನ ಸಂಖ್ಯೆ ಕೇಳಿದಿರಿ. ಅದೇನೆಂದು ಕೆಂಚಪ್ಪ ವಿಚಾರಿಸಿದ. ಒಬ್ಬ ಸಂಶೋಧಕ ಇನ್ನೊಬ್ಬನ ಜೊತೆ ಬೆರೆತುಹೋಗದ ಹಾಗೆ ಲೋಕಕ್ಕೆಲ್ಲ ಒಂದೇ ಲೆಕ್ಕದಲ್ಲಿ ಕೊಡುವ ಸಂಖ್ಯೆ ಎಂದು ವಿವರಿಸಿದೆ.

"ಓಹೋ, ಕಿವಿ ಗುರ್ತು," ಅಂದ. ಅವರವರ ಹಿಂಡಿನ ಕುರಿಗೆ ಅವರವರು ಕಿವಿ ಕೊಯ್ದು ಮಾಡುವ ಗುರುತು. "ನಿಮ್ಗೂ ಕೊಯ್ದವ್ರಾ ಮೇಷ್ಟ್ರೇ?"

ಇನ್ನು ತಮ್ಮ ದೊಡ್ಡ ಆಪಾದನೆಗೆ ಬರುತ್ತೇನೆ. 'ವಿಷಯ ಬಲ್ಲ ಇಬ್ಬರು ವಿಮರ್ಶಕರನ್ನು ಸೂಚಿಸಿ' ಎಂದು ತಾವೇ ಕೇಳಿದ್ದಿರಿ. ಕುರಿ ಮಂದೆಯ ವಿಷಯ ಬಲ್ಲವರು ಯಾರು? ಚೌಳಹಿರಿಯೂರಿನ ಹುಚ್ಚಮ್ಮ, ನಲವತ್ತು ವರ್ಷದಿಂದ ತೆಂಗಿನ ತೋಟಕ್ಕೆ ಮಂದೆ ಹಾಕಿಸಿದವರು. ತರೀಕೆರೆ ಕಡೆಯ ಕರಿಸಿದ್ದಪ್ಪ, ಗದ್ದೆಯವರು. ಇಬ್ಬರಿಗೂ ಮಿಂಚಂಚೆ ಇಲ್ಲದ್ದರಿಂದ ಕಲ್ಲೇಶನ ಅಂಗಡಿಯದನ್ನೇ ಕೊಟ್ಟೆ. ತಮ್ಮ ಯಂತ್ರ ಮರುದಿನವೇ 'ಗೌರವಾನ್ವಿತ ಡಾಕ್ಟರ್ ಹುಚ್ಚಮ್ಮ' ಎಂದು ಪತ್ರ ಕಳಿಸಿತು. ಡಾಕ್ಟರೇಟ್ ಕೊಟ್ಟವರು ತಾವು, ನಾನಲ್ಲ.

ಇಂಗ್ಲಿಷಿನ ಲೇಖನವನ್ನು ಇಬ್ಬರಿಗೂ ಕನ್ನಡದಲ್ಲಿ ಹೇಳಬೇಕು, ಹೇಳಬಲ್ಲವನು ನಾನೊಬ್ಬನೇ. ಆದರೆ ಲೇಖಕ ಯಾರೆಂದು ವಿಮರ್ಶಕರಿಗೆ ಕಾಣಬಾರದು ಎಂಬುದು ತಮ್ಮ ನಿಯಮ. ನಾನು ನಿಯಮ ಮೀರುವವನಲ್ಲ. ಕೆಂಚಪ್ಪನ ಕರಿ ಕಂಬಳಿಯನ್ನು ಕಲ್ಲೇಶನ ಅಂಗಡಿಗೆ ಅಡ್ಡ ಕಟ್ಟಿಸಿ, ಇಬ್ಬರನ್ನೂ ಕರೆಸಿ ಈಚೆ ಕೂರಿಸಿ, ಅದರ ಹಿಂದೆ ನಿಂತು, ಇಪ್ಪತ್ತೆರಡು ಪುಟವನ್ನು ಓದಿ ಹೇಳಿದೆ.

ಎರಡನೆಯ ಪುಟದಲ್ಲಿ ಹುಚ್ಚಮ್ಮನ ದನಿ ಬಂತು. "ಮೇಷ್ಟ್ರೇ, ಕಂಬ್ಳಿ ಯಾಕ್ರೀ ಬೇಕಿತ್ತು? ನಿಮ್ ದನಿ ಬಸ್‌ಸ್ಟ್ಯಾಂಡಿಗೇ ಕೇಳ್ತೈತೆ."

"ನಾನು ಯಾರು ಅನ್ನೋದು ನಿಮಗೆ ಗೊತ್ತಾಗಬಾರದು ಅಂತ ನಿಯಮ ಇದೆ," ಅಂದೆ ಒಳಗಿನಿಂದ.

"ಆಯ್ತಪ್ಪ, ನೀವ್ಯಾರೋ ನಂಗೊತ್ತಿಲ್ಲ. ಮುಂದಕ್ ಓದಿ," ಅಂದರು ಕರಿಸಿದ್ದಪ್ಪ.

ಕೋಷ್ಟಕ ಎರಡು ಬಂತು. ತೋಟದ ಒಂದೊಂದು ಜಾಗದಲ್ಲಿ ಹಿಂಡು ಮೂರು ರಾತ್ರಿ ತಂಗುತ್ತದೆ, ಆದ್ದರಿಂದ ಎಕರೆಗೆ ಇಷ್ಟು ಗೊಬ್ಬರ ಎಂದು ನಾನು ಗುಣಿಸಿದ್ದೆ. ಕಂಬಳಿ ಪಕ್ಕಕ್ಕೆ ಸರಿಯಿತು. ಹುಚ್ಚಮ್ಮ ಎದುರಿಗೇ ನಿಂತಿದ್ದರು.

"ಮೂರು ರಾತ್ರಿ ಒಂದೇ ತಾವು ನಿಲ್ಸಿದ್ರೆ ಗಂಜಲಕ್ಕೆ ತೆಂಗಿನ ಬುಡ ಸುಟ್ಟೋಗ್ತೈತೆ ಕಣ್ರೀ. ತೋಟದಲ್ಲಿ ಮೂರು ರಾತ್ರಿ ಇರ್ತವೆ, ದಿಟ. ದಿನಾ ಜಾಗ ಬದ್ಲಾಯಿಸ್ಬೇಕು. ಲೇ ಕೆಂಚ, ನೀನಾದ್ರೂ ಹೇಳೋದಲ್ವೇನೋ?"

ಬಾಗಿಲಲ್ಲಿ ನಿಂತಿದ್ದ ಕೆಂಚಪ್ಪ ನನ್ನನ್ನು ನೋಡಿದ. "ಹೇಳಿದ್ದೆ ಕಣಕ್ಕ. ಮೇಷ್ಟ್ರು ಆವಾಗ ಮಾತಾಡ್ತಿದ್ರು."

ಇದು ನಿಜ. ನನ್ನ ಗೊಬ್ಬರದ ಲೆಕ್ಕ ಮೂರು ಪಟ್ಟು ಹೆಚ್ಚಾಗಿತ್ತು. 'ಇದು ತಪ್ಪು, ತಿದ್ದದೆ ಅಚ್ಚು ಮಾಡಬಾರದು' ಎಂಬ ಹುಚ್ಚಮ್ಮನ ಮಾತನ್ನೂ ಕರಿಸಿದ್ದಪ್ಪನವರ ಅಭಿಪ್ರಾಯವನ್ನೂ ಕಲ್ಲೇಶ ಅಕ್ಷರಶಃ ತಮಗೆ ಕಳಿಸಿದ. ತಾವು ಏನು ಮಾಡಿದಿರಿ? ಎರಡೂ ವಿಮರ್ಶೆ ಒಂದೇ ಕಂಪ್ಯೂಟರಿನಿಂದ ಬಂದಿವೆ, ಇದು ವಿಮರ್ಶಾ ವಂಚನೆ ಎಂದು ಎರಡನ್ನೂ ಕಸಕ್ಕೆ ಹಾಕಿದಿರಿ. ಕಂಬಳಿ ಕಟ್ಟಿದ್ದು ನನ್ನ ಅಜ್ಞಾನ, ಅದಕ್ಕೆ ಕ್ಷಮೆ ಕೇಳುತ್ತೇನೆ. ಆದರೆ ವಂಚನೆಯೇ? ಸ್ವಂತ ಲೇಖನವನ್ನು ತಡೆಯುವುದಕ್ಕೆ ಖೋಟಾ ವಿಮರ್ಶಕಿಯನ್ನು ನೇಮಿಸಿದ ವಂಚಕನನ್ನು ತಮ್ಮ ವೃತ್ತಿಜೀವನದಲ್ಲಿ ಎಷ್ಟು ಸಲ ಕಂಡಿದ್ದೀರಿ? ಆಮೇಲೆ ತಮ್ಮದೇ ಇಬ್ಬರು ಪಂಡಿತರಿಂದ ಲೇಖನ ಓದಿಸಿದಿರಿ. ಅವರಲ್ಲಿ ಎರಡನೆಯವರ ಒಕ್ಕಣೆ ನನ್ನ ಮುಂದಿದೆ: 'ಕೋಷ್ಟಕ ಎರಡು ವಿಶೇಷವಾಗಿ ಪ್ರಶಂಸನೀಯ.' ಆ ಮಹನೀಯರಿಗೆ ಒಂದು ತೆಂಗಿನ ತೋಟ ಇರಲಿ, ಅದಕ್ಕೆ ಅವರು ಆ ಕೋಷ್ಟಕದ ಪ್ರಕಾರವೇ ಮಂದೆ ಹಾಕಿಸಲಿ ಎಂದು ಹಾರೈಸುತ್ತೇನೆ.

ಇಷ್ಟಕ್ಕೂ ಈ ಲೇಖನ ಬರಬೇಕಾದ ವಿಶೇಷ ಸಂಚಿಕೆಯ ಹೆಸರೇನು? 'ಸ್ಥಳೀಯ ಜ್ಞಾನ ಮತ್ತು ಜನರ ಸಹಭಾಗಿತ್ವ.' ಆಹ್ವಾನ ಪತ್ರದಲ್ಲಿ ಕಂಬಳಿ ಹೊದ್ದ ಕುರಿಗಾಹಿಯೊಬ್ಬರ ಚಿತ್ರವನ್ನೂ ಹಾಕಿದ್ದೀರಿ, ಅದರ ಕೆಳಗೆ ಛಾಯಾಗ್ರಾಹಕರ ಹೆಸರಿದೆ. ಕುರಿಗಾಹಿಯ ಜ್ಞಾನ ಬೇಕು, ಸಹಭಾಗಿತ್ವ ಬೇಕು, ಮುಖವೂ ಬೇಕು. ಹೆಸರು ಮಾತ್ರ ಸಂಸ್ಥೆ ಇದ್ದವರದ್ದಾಗಬೇಕು. ಅಧ್ಯಯನಕ್ಕೆ ಗಣನೀಯ ಕೊಡುಗೆ ಕೊಟ್ಟವರು, ಅಂತಿಮ ಪ್ರತಿಯನ್ನು ಒಪ್ಪಿದವರು, ಅದರ ತಪ್ಪುಒಪ್ಪುಗಳಿಗೆ ಹೊಣೆಯಾಗುವವರು ಲೇಖಕರು ಎಂದು ತಮ್ಮ ನಿಯಮಾವಳಿಯೇ ಹೇಳುತ್ತದೆ. ಈ ಮೂರನ್ನೂ ಕೆಂಚಪ್ಪ ಮಾಡಿದ್ದಾನೆ. ಮೂರನೆಯದನ್ನು ನನಗಿಂತ ಮೊದಲೇ ಮಾಡಿದ್ದ, ನಾನು ಕಿವಿಗೊಡಲಿಲ್ಲ. ಆ ನಿಯಮಾವಳಿಯಲ್ಲಿ ಲೇಖಕನಿಗೆ ಸಂಸ್ಥೆ ಇರಬೇಕೆಂದು ಎಲ್ಲಿ ಬರೆದಿದೆ?

ತಮ್ಮ ಅಪ್ಪಣೆ ಬಂದ ಮೂರನೆಯ ದಿನ ಬಸ್ಸು ಹತ್ತಿ ಯಗಟಿಗೆ ಹೋದೆ. ಅವನು ಮರಿಯೊಂದನ್ನು ತೊಡೆಯ ನಡುವೆ ಹಿಡಿದು ಗೊರಸಿನ ಮುಳ್ಳು ತೆಗೆಯುತ್ತಿದ್ದ.

"ಅಚ್ಚಾಯ್ತಾ ಮೇಷ್ಟ್ರೇ?"

"ಆಗ್ತದೆ. ನಿನ್ನ ಹೆಸರು ಕೊನೇಲಿ, ಥ್ಯಾಂಕ್ಸ್ ಹೇಳೋ ಕಡೆ ಹಾಕ್ತಾರಂತೆ. ನಿಂಗೆ ಸಂಸ್ಥೆ ಇಲ್ವಂತಪ್ಪ."

ಮುಳ್ಳು ಬಂತು. ಅದನ್ನು ದೂರ ಎಸೆದು ಮರಿಯನ್ನು ಬಿಟ್ಟ. "ಬಿಡಿ, ನಿಮ್ದೊಂದೇ ಹಾಕ್ಸಿ. ಮೂರು ವರ್ಷ ಕಾಲು ಸವೆಸಿದ್ದೀರಿ, ನೀವ್ಯಾಕೆ ಕಳ್ಕೋತೀರಿ. ನಂಗೇನು ಇದು ಹೊಸ್ದಾ?"

ಮಾನ್ಯರೇ, ಆಣೆಗೆ, ಶಾಪಕ್ಕೆ, ಸವಾಲಿಗೆ, ಸೋಲಿಗೆ ಉತ್ತರವಾಗಿ ಹೇಳಬೇಕಾದ ಮಾತೆಲ್ಲ ನನಗೆ ಬಾಯಿಪಾಠ. ಇದು ಯಾವ ಪಾರ್ಟಿನಲ್ಲೂ ಬಂದಿರದ ಮಾತು. ಅವನು ಕಾಫಿ ಕೊಡಿಸಿದ, ಕುಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರು ಮೇಷ್ಟ್ರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು, ನಾನು ಸುಮ್ಮನಿದ್ದದ್ದಕ್ಕೆ.

ಆದ್ದರಿಂದ ಬೇಡಿಕೆ ಕೇಳಿ. ಕೋಷ್ಟಕ ಎರಡನ್ನು ಹುಚ್ಚಮ್ಮ ಹೇಳಿದ ಹಾಗೆ ತಿದ್ದಿ, ತಿದ್ದಿದವರು ಅವರೇ ಎಂದು ಅಲ್ಲೇ ಕೆಳಗೆ ನಮೂದಿಸಬೇಕು. ಲೇಖಕರ ಸಾಲಿನಲ್ಲಿ ಎರಡೂ ಹೆಸರು ಒಂದೇ ಗಾತ್ರದ ಅಕ್ಷರದಲ್ಲಿ ಇರಬೇಕು. ಸಂಸ್ಥೆ: ಕೆಂಚಪ್ಪನ ಕುರಿರೊಪ್ಪ, ಯಗಟಿ. ಇಲ್ಲ, ತಮ್ಮ ರಂಗದ ಮೇಲೆ ಒಬ್ಬನಿಗೇ ಜಾಗ ಎಂದಾದರೆ ಅದಕ್ಕೂ ಸಿದ್ಧನಿದ್ದೇನೆ. ಆಗ ನನ್ನ ಹೆಸರು ತೆಗೆಯಿರಿ. ಲೇಖನ ಕೆಂಚಪ್ಪನದು. ನಾನು ಅವನು ಹೇಳಿದ್ದನ್ನು ಬರೆದುಕೊಂಡವನು, ಒಂದು ಕಡೆ ತಪ್ಪಾಗಿ ಬರೆದುಕೊಂಡವನು. ನನ್ನನ್ನು ಕೊನೆಯ ಪುಟದಲ್ಲಿ, ಇರುವೆ ಗಾತ್ರದಲ್ಲಿ ಹಾಕಿ. ರಾಜಪಾರ್ಟಿನವನು ಒಂದು ದಿನ ಪರದೆಯ ಹಿಂದೆ ನಿಂತು ಪ್ರಾಂಪ್ಟ್ ಹೇಳಿದರೆ ನಾಟಕವೇನೂ ನಿಲ್ಲುವುದಿಲ್ಲ. ಈ ಎರಡರಲ್ಲಿ ಒಂದನ್ನು ಆರಿಸಲು ತಮಗೆ ನಾಲ್ಕು ದಿನವಿದೆ. ಗಡುವು ತಮ್ಮದೇ.

ಇಂತಿ,
ಕಂಬಳಿಯ ಹಿಂದೆ ಮಾತ್ರವಲ್ಲ, ಕೊನೆಯ ಪುಟದಲ್ಲೂ ನಿಲ್ಲಲು ಸಿದ್ಧನಾದ
ರುದ್ರಮೂರ್ತಿ, ಶಿವನಿ
(ಸ್ಥಳೀಯ ಮಾಹಿತಿದಾರ)