ಹಾಸಿಗೆ ನಂಬರು ಬರೆದಿದ್ದ ಜಾಗ

ಭಾನುವಾರ ಬೆಳಿಗ್ಗೆ,
ವಾರ್ಡಿನ ಹೊರಗಿನ ಬೆಂಚು

ಮಹಾಶಯನಿಗೆ,

‘ಪ್ರೀತಿಯ’ ಅಂತ ಬರೆಯಲು ಕೈ ಬರಲಿಲ್ಲ, ಬಿಟ್ಟೆ. ಫೋನು ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ, ಕಾಗದವನ್ನಾದರೂ ಓದುತ್ತೀಯೇನೋ.

ಮೀಟಿಂಗಿನಲ್ಲಿ ಎಷ್ಟು ಸಲೀಸಾಗಿ ನನ್ನ ಮೇಲೆ ಗೂಬೆ ಕೂರಿಸಿದೆ! ಪ್ರೋಗ್ರಾಂ ಚೆನ್ನಾಗೇ ಇತ್ತು, ಇವಳು ಒಂದು ಸಾಲು ತೆಗೆದಳು, ಆಸ್ಪತ್ರೆಯಲ್ಲಿ ನಾಡಿ ತೋರಿಸುವ ಪರದೆಗಳೆಲ್ಲ ಕೆಟ್ಟವು ಅಂದೆ. ಮ್ಯಾನೇಜರು ನನ್ನನ್ನು ಮನೆಗೆ ಕಳಿಸಿದರು. ನಾನು ಬೇರೆ ಮನೆ ಮಾಡಿದ ಸಿಟ್ಟನ್ನು ನೀನು ಆಫೀಸಿನಲ್ಲಿ ತೀರಿಸಿಕೊಂಡೆ, ಅಲ್ಲವೇ?

ನಾನು ತೆಗೆದದ್ದು ಯಾವ ಸಾಲು? ಪರೀಕ್ಷೆಗೆಂದು ನೀನೇ ಹಾಕಿ ಮರೆತಿದ್ದ, ಹಾಸಿಗೆ ನಂಬರನ್ನು ಪ್ರಿಂಟ್ ಮಾಡುವ ಸಾಲು. ತಪ್ಪಿರುವುದು ಅದರ ಕೆಳಗೆ. ಒಂದೊಂದು ಹಾಸಿಗೆಯನ್ನು ನೋಡಿಕೊಳ್ಳಲು ಪ್ರೋಗ್ರಾಂ ಒಳಗೆ ಒಂದೊಂದು ಥ್ರೆಡ್ಡು, ಒಂದೊಂದು ಆಳು ಇಟ್ಟ ಹಾಗೆ. ಪ್ರತಿಯೊಂದಕ್ಕೂ ಅದರ ನಂಬರನ್ನೇ ಕೈಗೆ ಕೊಡಬೇಕಿತ್ತು. ನೀನು ನಂಬರಿನ ಬದಲು ಅದನ್ನು ಬರೆದಿದ್ದ ಮೆಮೊರಿಯ ಜಾಗದ ವಿಳಾಸ ಕೊಟ್ಟೆ, ಅದೂ ಎಲ್ಲಕ್ಕೂ ಒಂದೇ ವಿಳಾಸ! ಥ್ರೆಡ್ಡು ಎದ್ದು ಅಲ್ಲಿ ನೋಡುವಷ್ಟರಲ್ಲಿ ನಿನ್ನ ಪ್ರೋಗ್ರಾಂ ಅದನ್ನಳಿಸಿ ಮುಂದಿನ ಹಾಸಿಗೆಯ ನಂಬರು ಬರೆದಾಗಿತ್ತು. ಕಿಟಕಿ ಬಳಿಯ ಪರದೆಯಲ್ಲಿ ಪಕ್ಕದ ಹಾಸಿಗೆಯವರ ನಾಡಿಬಡಿತ ಬಂತು. ಮೊದಲೆಲ್ಲ, ನಾನು ತೆಗೆದ ಆ ಸಾಲು ಪ್ರಿಂಟ್ ಮಾಡಲು ಹಿಡಿಯುವ ಚೂರು ಹೊತ್ತಿನಲ್ಲಿ ಥ್ರೆಡ್ಡು ತನ್ನ ನಂಬರು ಓದಿಕೊಳ್ಳುತ್ತಿತ್ತು. ಹಾಗಾಗಿ ನಿನ್ನ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೇ.

ಇದನ್ನೇ ಹೇಳಿದರೆ ಮ್ಯಾನೇಜರು, ತಪ್ಪಿಸಿಕೊಳ್ಳಲು ಕಥೆ ಕಟ್ಟಬೇಡಮ್ಮ ಅಂದರು. ನೀನು ಪಕ್ಕದಲ್ಲೇ ಕೂತು ಪೆನ್ನು ತಿರುಗಿಸುತ್ತಿದ್ದೆ.

ಈಗ ಅದೇ ಸಾಲನ್ನು ವಾಪಸ್ ತುರುಕಿ, ಆರಿಸಿಟ್ಟ ಪರದೆಗಳನ್ನು ನಾಳೆ ಮತ್ತೆ ಹಾಕುತ್ತೀಯಂತೆ. ನಾಚಿಕೆಯಾಗಬೇಕು ನಿನಗೆ. ಕಂಪ್ಯೂಟರಿಗೆ ಕೆಲಸ ಜಾಸ್ತಿಯಾದ ದಿನ ಥ್ರೆಡ್ಡು ಏಳುವುದು ತಡವಾಗಿ ಮತ್ತೆ ಒಬ್ಬರ ನಾಡಿ ಇನ್ನೊಬ್ಬರ ತಲೆಯ ಮೇಲೆ ಕಾಣುತ್ತದೆ, ಯಾರೋ ಸಾಯುತ್ತಾರೆ. ನನ್ನ ಕೆಲಸ ಹಾಳಾಗಿ ಹೋಗಲಿ. ತಪ್ಪು ನನ್ನದು, ತಿದ್ದುವವರೆಗೆ ಪರದೆ ಹಾಕಬೇಡಿ ಅಂತ ನಿನ್ನ ಬಾಯಿಂದ ಹೇಳು. ನಿನ್ನ ಮಾತನ್ನಾದರೆ ಅವರು ನಂಬುತ್ತಾರೆ.

ಇತಿ,
ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ

ತಾ.ಕ.: ಕಿಟಕಿ ಬಳಿಯ ಹಾಸಿಗೆಯಲ್ಲಿರುವುದು ನಿನ್ನ ಅಮ್ಮ. ನಿನಗೆ ಕೆಲಸದ ಗಡಿಬಿಡಿ, ಹೇಳಬೇಡ ಅಂದಿದ್ದರು. ಅವರ ನಾಡಿ ಕುಸಿಯುತ್ತಿದ್ದಾಗ ಪರದೆಯಲ್ಲಿ ಎಲ್ಲ ನೆಟ್ಟಗಿತ್ತು. ನರ್ಸಮ್ಮ ಕೈ ಹಿಡಿದು ನೋಡಿದ್ದಕ್ಕೆ ಉಳಿದರು. ಈಗ ಆರಿಸಿಟ್ಟ ಪರದೆಯನ್ನೇ ಬಂದವರಿಗೆಲ್ಲ ತೋರಿಸಿ, ಇದು ನನ್ನ ಮಗ ಮಾಡಿದ್ದು ಅನ್ನುತ್ತಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ. ನಾಳೆ ಸ್ವಿಚ್ಚು ಹಾಕಲು ಬರುವವನು ನೀನೇ ತಾನೇ? ಅವರ ಎದುರಿಗೇ ಹಾಕು.